ಒತ್ತಕ್ಷರದ ಮುಂದೆ ನಿಂತ ಹುಡುಗ

ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಬೀದರ್ ಜಿಲ್ಲೆಯ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ಹೆತ್ತವರು ಬಿಟ್ಟುಹೋದ ಮಕ್ಕಳನ್ನೂ ಆ ಮಠ ಸಾಕಿ ಓದಿಸುತ್ತಿದೆ. ಅಕ್ಷರಕ್ಕಾಗಿ ಇಷ್ಟೆಲ್ಲ ಮಾಡಿದ ಈ ಸೀಮೆಯಲ್ಲೂ ಒಂದು ತರಗತಿಯ ಮಾತು ಮಾತ್ರ ಕಿವಿಗೆ ಬೀಳುವುದಿಲ್ಲ. ಅದು ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು ವಿಚಾರಣೆಯ ವೇಳೆ ಇರುವ ವೀಕ್ಷಣಾಲಯದ ಓದುಪಾಠ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು. ಬಾಲನ್ಯಾಯ ಮಂಡಳಿ ಅದನ್ನು ಹೆಚ್ಚೆಂದರೆ ಇನ್ನೆರಡು ತಿಂಗಳು ವಿಸ್ತರಿಸಬಹುದು. ಶಿಕ್ಷಣ ಕೊಡುವುದು ಸಂಸ್ಥೆಯ ಹೊಣೆ. ಆದರೆ ಬೆಳಿಗ್ಗೆ ಪಾಠಕ್ಕೆ ಕೂತವನು ಸಂಜೆ ಜಾಮೀನಿನ ಮೇಲೆ ಮನೆಗೆ ಹೊರಡಬಹುದು. ಮೂರನೇ ತರಗತಿಗೇ ಶಾಲೆ ಬಿಟ್ಟವನ ಪಕ್ಕದಲ್ಲಿ ಎಸ್ಸೆಸ್ಸೆಲ್ಸಿ ಬರೆದವನು ಇರಬಹುದು. ಹಾಗಾಗಿ ಇಲ್ಲಿ ಆಯಾ ದಿನದ ಪಾಠ ಆಯಾ ದಿನವೇ ಪೂರ್ತಿಯಾಗಬೇಕು.

ಮೀಸೆ ಚಿಗುರಿದ ಹುಡುಗನ ಕೈಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಅವನು ನಾಚಿಕೆಯಿಂದಲೇ ಮುಚ್ಚಿಡುತ್ತಾನೆ. ಬಸ್ಸಿನ ಬೋರ್ಡಿನಿಂದ ಶುರುಮಾಡುವುದು ಮೇಲು. ‘ಔರಾದ’ ಎಂಬುದನ್ನು ಹೇಗೋ ದಾಟುತ್ತಾನೆ, ‘ಭಾಲ್ಕಿ’ಗೆ ಬಂದಾಗ ತಡವರಿಸಿ ‘ಭಾಲಿಕ’ ಎನ್ನುತ್ತಾನೆ. ಅವನು ಕಣ್ಣಿಗೆ ಕಂಡದ್ದನ್ನೇ ಓದಿದ್ದಾನೆ: ಗುಡಿಸು ಲಕಾರದ ನೆತ್ತಿಯ ಮೇಲಿದೆ, ಕಕಾರ ಕೆಳಗೆ ಒತ್ತಾಗಿ ಕೂತಿದೆ. ಮೇಲಿನ ಸ್ವರ ಕೆಳಗಿನ ಒತ್ತಿಗೆ ಸೇರಿದ್ದು ಎಂದು ಬೆರಳಿಟ್ಟು ತೋರಿಸಿದರೆ ‘ಹಳ್ಳಿ’, ‘ರೊಟ್ಟಿ’, ‘ಬಸ್ಸು’ ಎಲ್ಲವೂ ಬಿಡಿಸಿಕೊಳ್ಳುತ್ತವೆ. ದಡ್ಡ ಎಂದು ಬೈದಿದ್ದರೆ ಆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು.

ಗಡಿಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಮರಾಠಿ, ಉರ್ದು, ತೆಲುಗು ಇಲ್ಲವೇ ಲಂಬಾಣಿ ಆಡುವ ಮಕ್ಕಳಿಗೆ ಅಕ್ಷರದ ಜತೆಗೆ ಮಾತೂ ಹೊಸದು. ಊರ ಜಾತ್ರೆಯನ್ನೋ ಉದ್ದಿನ ರಾಶಿಯನ್ನೋ ಕುರಿತು ಹುಡುಗನೇ ಹೇಳಿದ ನಾಲ್ಕು ಸಾಲನ್ನು ದಪ್ಪಕ್ಷರದಲ್ಲಿ ಬರೆದು ಓದಿಸಿದರೆ, ಅರ್ಥ ಮೊದಲೇ ಗೊತ್ತಿರುವುದರಿಂದ ಅಕ್ಷರದ ಭಯ ಅರ್ಧ ಇಳಿಯುತ್ತದೆ. ಪ್ರಕರಣದ ಮಾತು ಮಾತ್ರ ಆ ಹಾಳೆಯ ಮೇಲೆ ಬರಕೂಡದು. ಮಗುವಿನ ಗುರುತು ಬಯಲಾಗದಂತೆ ಕಾಯುವುದು ಕಾನೂನು. ಕಲಿಸುವವರ ಧರ್ಮವೂ ಹೌದು.

ತನ್ನ ಬಗ್ಗೆ ಬರೆದ ಕಾಗದವನ್ನು ತಾನೇ ಓದಿ ಸಹಿ ಹಾಕುವ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುವ ರೀತಿಯೇ ಬೇರೆ ಎಂದು ನಾನು ನಂಬುತ್ತೇನೆ.

ಬಿಡುಗಡೆಯಾದ ಮೇಲೆ ಓದು ಕೈತಪ್ಪುವ ಅಪಾಯವೇ ಹೆಚ್ಚು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಅವನು ಊರಿಗೆ ಹೊರಡುವ ಮುನ್ನವೇ ಪರಿವೀಕ್ಷಣಾಧಿಕಾರಿಗಳು (ಪ್ರೊಬೇಷನ್ ಅಧಿಕಾರಿಗಳು) ಅಲ್ಲಿ ಅವನ ಹೆಸರು ನೋಂದಾಯಿಸಬಹುದು. ಅರ್ಜಿಯಲ್ಲಿ ಅವನು ಎಲ್ಲಿಂದ ಬಂದ ಎಂದು ಬರೆಯಬೇಕಿಲ್ಲ.