ವಾಲೆಮೈ ಪೈನ್ ಮರಕ್ಕೆ ಎರಡನೆಯ ನೆಲೆ

ಸಿಡ್ನಿಯ ವಾಯವ್ಯಕ್ಕಿರುವ ವಾಲೆಮೈ ರಾಷ್ಟ್ರೀಯ ಉದ್ಯಾನದ ಆಳವಾದ ಕಣಿವೆಯೊಂದರಲ್ಲಿ, 1994ರಲ್ಲಿ, ಉದ್ಯಾನದ ಅಧಿಕಾರಿ ಡೇವಿಡ್ ನೋಬಲ್ ಅವರ ಕಣ್ಣಿಗೆ ಒಂದು ಅಪರಿಚಿತ ಮರ ಬಿತ್ತು. ಅದರ ಹತ್ತಿರದ ಬಂಧುಗಳನ್ನು ವಿಜ್ಞಾನಿಗಳು ಅಲ್ಲಿಯವರೆಗೆ ಪಳೆಯುಳಿಕೆಗಳಲ್ಲಿ ಮಾತ್ರ ಕಂಡಿದ್ದರು. ಕಾಡಿನಲ್ಲಿ ಬೆಳೆದು ನಿಂತ ವಾಲೆಮೈ ಪೈನ್ ಮರಗಳು ನೂರಕ್ಕಿಂತ ಕಡಿಮೆ.

ಇದರ ಸಸಿಗಳು ಈಗ ನರ್ಸರಿಗಳಲ್ಲೇ ದೊರೆಯುತ್ತವೆ. ಹಾಗಾದರೆ ಮರ ಉಳಿಯಿತಲ್ಲ ಎನ್ನಬಹುದು. ಆದರೆ ಕುಂಡದ ಗಿಡ ನಾವು ನೀರೆರೆದಷ್ಟು ದಿನ ಬದುಕುತ್ತದೆ. ಕಾಡಿನಲ್ಲಿ ತಾನೇ ಬೀಜ ಉದುರಿಸಿ, ಆ ಬೀಜ ಮೊಳೆತು ಮರವಾದಾಗ ಮಾತ್ರ ಒಂದು ಪ್ರಭೇದ ಉಳಿಯಿತೆನ್ನಬೇಕು. ಅದಕ್ಕಾಗಿ, ಬೆಳೆಸಿದ ಸಸಿಗಳನ್ನು ಸುರಕ್ಷಿತವಾದ ಬೇರೆ ಕಾಡು ಜಾಗದಲ್ಲಿ ನೆಡುತ್ತಾರೆ. ಇದೇ ಸಸ್ಯ ಸ್ಥಳಾಂತರ.

ಇದರ ಅಗತ್ಯವೇನು? ಮರಗಳೆಲ್ಲ ಒಂದೇ ಕಡೆ ಇದ್ದರೆ ಒಂದು ಬೆಂಕಿ ಅಥವಾ ಒಂದು ರೋಗ ಸಾಕು. ಈ ಮರಗಳ ನಡುವೆ ಆನುವಂಶಿಕ ವ್ಯತ್ಯಾಸವೂ ಅತಿ ಕಡಿಮೆ. ಒಂದಕ್ಕೆ ತಗಲುವ ರೋಗವನ್ನು ತಡೆಯುವ ಶಕ್ತಿ ಇನ್ನೊಂದಕ್ಕೂ ಇರಲಾರದು. 2005ರಲ್ಲಿ ಅಲ್ಲಿ ಬೇರು ಕೊಳೆಸುವ ಫೈಟಾಫ್ತೊರ ಪತ್ತೆಯಾಯಿತು. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಜೀವಿ. ಬೂಟಿಗಂಟಿದ ಹಸಿ ಮಣ್ಣಿನೊಂದಿಗೆ ಇದು ಪಯಣಿಸಬಲ್ಲದು. ಆದ್ದರಿಂದಲೇ ಮೂಲ ನೆಲೆಯನ್ನು ಇಂದಿಗೂ ಗುಟ್ಟಾಗಿಟ್ಟಿದ್ದಾರೆ.

ಹೊಸ ಜಾಗದ ಆಯ್ಕೆಯೂ ಸುಲಭವಲ್ಲ. ಮಣ್ಣು, ತೇವ, ಬೆಳಕು ಹೊಂದಬೇಕು. ಬೆಂಕಿಯ ಭಯ ಕಡಿಮೆ ಇರಬೇಕು. ಅಂಗಾಂಗ ಕಸಿಗೆ ಮುನ್ನ ಸೋಂಕಿನ ಪರೀಕ್ಷೆ ಮಾಡುವಂತೆ ಇಲ್ಲಿಯೂ ಸಸಿ ಮತ್ತು ಮಣ್ಣು ರೋಗಮುಕ್ತವೆಂದು ಖಚಿತಪಡಿಸಿಕೊಳ್ಳಬೇಕು.

2019ರಲ್ಲಿ ನೂರಾರು ಸಸಿಗಳನ್ನು ನೆಟ್ಟರು. ಅದರ ಬೆನ್ನಿಗೇ ಭಾರಿ ಕಾಡ್ಗಿಚ್ಚು ಬಂತು. ಹೆಲಿಕಾಪ್ಟರಿನಿಂದ ಕಣಿವೆಗೆ ಇಳಿದ ಅಗ್ನಿಶಾಮಕರು ನೀರಿನ ವ್ಯವಸ್ಥೆ ಮಾಡಿ ಮೂಲ ಮರಗಳನ್ನು ಕಾಪಾಡಿದರು. ಹೊಸ ಸಸಿಗಳಲ್ಲಿ ಬಹಳಷ್ಟು ನಾಶವಾದವು. 2021ರಲ್ಲಿ ಮತ್ತೆ ನೆಟ್ಟರು. ಅವು ಬೀಜ ಬಿಡಲು ದಶಕಗಳೇ ಬೇಕು. ಫಲಿತಾಂಶ ನೋಡುವವರು ನಮ್ಮ ಮೊಮ್ಮಕ್ಕಳು.

ಸ್ಥಳಾಂತರ ಒಂದು ವಿಮೆಯಂತೆ. ವಿಮೆ ಮಾಡಿಸಿದೆವೆಂದು ಆರೋಗ್ಯವನ್ನು ಕಡೆಗಣಿಸುತ್ತೇವೆಯೇ? ಮೂಲ ನೆಲೆಯ ರಕ್ಷಣೆಗೆ ಬದಲಿಯಿಲ್ಲ. ನಮ್ಮ ಪಾಲಿನ ಕೆಲಸ ಚಿಕ್ಕದು: ಕಾಡಿನಲ್ಲಿ ನಡೆಯಲು ಹೋಗುವ ಮೊದಲು ಮತ್ತು ಬಂದ ಮೇಲೆ ಬೂಟಿನ ಮಣ್ಣನ್ನು ತೊಳೆಯೋಣ. ಊರಿನಿಂದ ಬರುವಾಗ ಕರಿಬೇವಿನ ಗಿಡವನ್ನೋ ತುಳಸಿ ಬೀಜವನ್ನೋ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತರುವುದು ಬೇಡ.