ಕಥೆಯ ಎಳೆಗಳ ಸಮತೋಲನ: ರನ್ನನ ಪಾಠ

ಸ್ನೇಹಸಮ್ಮೇಳನ ಸಮೀಪಿಸಿದಾಗ ವಿದ್ಯಾರ್ಥಿಗಳು ಮಹಾಭಾರತವನ್ನು ನಾಟಕವಾಗಿಸಿ ತಿದ್ದಲು ನನ್ನಲ್ಲಿಗೆ ತರುತ್ತಾರೆ. ದ್ಯೂತ, ವನವಾಸ, ಯುದ್ಧ ಎಲ್ಲವನ್ನೂ ತುಂಬುವರು. ಯಾವುದೂ ಮನಸ್ಸಿನಲ್ಲಿ ನಿಲ್ಲದು.

ನಮ್ಮ ಸೀಮೆಗೆ ಸಮೀಪದ ಮುಧೋಳದ ರನ್ನನು ದಾರಿ ತೋರಿದ್ದಾನೆ. ಪಂಪನ ‘ವಿಕ್ರಮಾರ್ಜುನ ವಿಜಯ’ದ (941) 13ನೆಯ ಆಶ್ವಾಸದ ಗದಾಯುದ್ಧವೊಂದನ್ನೇ ಆಯ್ದು, 10 ಆಶ್ವಾಸಗಳ ‘ಸಾಹಸಭೀಮ ವಿಜಯ’ವನ್ನು ಕಟ್ಟಿದನು. ಭೀಮ-ದುರ್ಯೋಧನರ ಕಲಹವೇ ಮುಖ್ಯ ಎಳೆ. ಹಿಂದಿನ ಕಥೆಯನ್ನು ಸಿಂಹಾವಲೋಕನ ಕ್ರಮದಿಂದ ಪಾತ್ರಗಳ ಬಾಯಲ್ಲೇ ನುಡಿಸಿದನು.

ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದರೂ ಪ್ರತಿನಾಯಕನನ್ನು ಕುಗ್ಗಿಸಲಿಲ್ಲ. ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ದುರ್ಯೋಧನನು ಶೋಕಿಸುತ್ತಾನೆ. ಈ ಎಳೆಯಿಲ್ಲದಿದ್ದರೆ ಭೀಮನ ಗೆಲುವು ಬರಿಯ ಹೊಗಳಿಕೆಯಾಗುತ್ತಿತ್ತು.

ಆದುದರಿಂದ ಬರೆಯುವ ಮಕ್ಕಳು ಕೊನೆಯ ದೃಶ್ಯವನ್ನು ಮೊದಲು ನಿಶ್ಚಯಿಸಲಿ. ಸೋಲುವವನಿಗೂ ಒಂದು ದೃಶ್ಯವನ್ನು ಮೀಸಲಿಡಲಿ. ವೈರಿಯ ದುಃಖವನ್ನು ಅರಿಯದ ಬರಹ ವಿದ್ಯೆಯೆನಿಸದು.