ಪೀಬಲ್ಸ್ ಸುತ್ತ ಸೈಕಲ್ ಸವಾರಿ: ನಾಲ್ಕು ದಾರಿ, ಮತ್ತು ಫೋನ್ ಆಫ್ ಆದ ಒಂದು ಸಂಜೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ನಿಮ್ಮನ್ನ ಸ್ಕಾಟ್ಲೆಂಡಿನ ಒಂದು ಸಣ್ಣ ಊರಿಗೆ ಕರ್ಕೊಂಡು ಹೋಗ್ತೀನಿ. ಹೆಸರು ಪೀಬಲ್ಸ್. ಎಡಿನ್‌ಬರಾದಿಂದ ದಕ್ಷಿಣಕ್ಕೆ ಸುಮಾರು 37 ಕಿಲೋಮೀಟರ್. ನಾನು ಎಡಿನ್‌ಬರಾದಲ್ಲಿ ಓದುತ್ತಿದ್ದಾಗ ರಜೆ ಸಿಕ್ಕಾಗಲೆಲ್ಲ ಸೈಕಲ್ ತಗೊಂಡು ಓಡ್ತಾ ಇದ್ದದ್ದು ಇಲ್ಲಿಗೇ. ಅಲ್ಲಿಗೆ ಓದೋಕೆ ಹೋಗುವ ನಮ್ಮ ಹುಡುಗರು, ಹುಡುಗಿಯರು ಇದ್ದಾರಲ್ಲ, ಈ ಸಂಚಿಕೆ ಮುಖ್ಯವಾಗಿ ಅವರಿಗೆ. ಕೊನೆ ತನಕ ಕೇಳಿ. ನಾನು ಮಾಡಿದ ದಡ್ಡತನವನ್ನೂ ಹೇಳ್ತೀನಿ.

ಮೊದಲು, ಯಾಕೆ ಪೀಬಲ್ಸ್? ಸ್ಕಾಟ್ಲೆಂಡ್ ಅಂದ ತಕ್ಷಣ ನಮಗೆ ನೆನಪಾಗೋದು ಉತ್ತರದ ಹೈಲ್ಯಾಂಡ್ಸ್. ಆದರೆ ದಕ್ಷಿಣದಲ್ಲೂ ಬೆಟ್ಟಗಳಿವೆ. ಚೂಪಾದ ಬಂಡೆಗಳಲ್ಲ, ಹಿಮಯುಗದಲ್ಲಿ ಮಂಜುಗಡ್ಡೆ ಉಜ್ಜಿ ದುಂಡಗಾದ, ಹುಲ್ಲು ಹೊದ್ದ ಬೆಟ್ಟಗಳು. ಅವುಗಳ ನಡುವೆ ಟ್ವೀಡ್ ನದಿ ಪೂರ್ವಕ್ಕೆ ಹರಿದು, ಬೆರಿಕ್ ಎಂಬಲ್ಲಿ ಸಮುದ್ರ ಸೇರುತ್ತದೆ. ಪೀಬಲ್ಸ್ ಇರೋದು ಈ ನದಿಯ ದಡದಲ್ಲೇ. ಹಾಗಾಗಿ ಊರಿಂದ ಯಾವ ಕಡೆ ಹೊರಟರೂ ನೋಟ ಬೇರೆ. ಒಂದು ಕಡೆ ಸಮತಟ್ಟಾದ ನದಿ ಬಯಲು, ಒಂದು ಕಡೆ ಕುರಿ ಮೇಯುವ ಬೋಳು ಗುಡ್ಡ, ಇನ್ನೊಂದು ಕಡೆ ಕಾಡು. 2023ರ ವಿಶ್ವ ಸೈಕ್ಲಿಂಗ್ ಚಾಂಪಿಯನ್‌ಶಿಪ್ ಸ್ಕಾಟ್ಲೆಂಡಿನಲ್ಲಿ ನಡೆದಾಗ ಮೌಂಟನ್ ಬೈಕ್ ಕ್ರಾಸ್ ಕಂಟ್ರಿ ರೇಸುಗಳು ನಡೆದದ್ದು ಪಕ್ಕದ ಗ್ಲೆಂಟ್ರೆಸ್ ಕಾಡಿನಲ್ಲಿ. ಆದರೆ ನಾನು ಇವತ್ತು ಹೇಳೋದು ಡಾಂಬರು ರಸ್ತೆಯ ಸವಾರಿ ಬಗ್ಗೆ.

ಮೊದಲನೇ ದಾರಿ, ಹೊಸಬರಿಗೆ. ಪೀಬಲ್ಸ್‌ನಿಂದ ಪೂರ್ವಕ್ಕೆ ಇನ್ನರ್‌ಲೀದನ್ ತನಕ, ಸುಮಾರು 10 ಕಿಲೋಮೀಟರ್. ಇಲ್ಲೊಂದು ರೈಲು ಮಾರ್ಗ ಇತ್ತು, 1962ರಲ್ಲಿ ನಿಂತುಹೋಯ್ತು. ಅದೇ ಹಳೆಯ ಮಾರ್ಗವನ್ನು ಈಗ ಸೈಕಲ್ ಮತ್ತು ನಡಿಗೆಯ ದಾರಿ ಮಾಡಿದ್ದಾರೆ. ರೈಲಿಗೆ ಹಾಕಿದ ದಾರಿ ಅಂದ್ಮೇಲೆ ಏರು ಹೆಚ್ಚಿರಲ್ಲ, ಕಾರುಗಳ ಕಾಟವೂ ಇಲ್ಲ. ಇನ್ನರ್‌ಲೀದನ್‌ನಲ್ಲಿ ರಾಬರ್ಟ್ ಸ್ಮೇಲ್ಸ್ ಅನ್ನೋ ಹಳೇ ಮುದ್ರಣಾಲಯವನ್ನ ಹಾಗೇ ಉಳಿಸಿಕೊಂಡಿದ್ದಾರೆ. ಸ್ವಲ್ಪ ಮುಂದೆ ಟ್ರಾಕ್ವೇರ್ ಹೌಸ್. ಅದರ ಕರಡಿ ಬೊಂಬೆಗಳ ಹೆಬ್ಬಾಗಿಲು 1745ರಲ್ಲಿ ಮುಚ್ಚಿದ್ದು, ಸ್ಟೂವರ್ಟ್ ವಂಶದ ರಾಜ ಮತ್ತೆ ಪಟ್ಟಕ್ಕೆ ಬರುವ ತನಕ ತೆರೆಯಲ್ಲ ಅನ್ನೋದು ಅಲ್ಲಿನ ಮಾತು. ಇವತ್ತಿಗೂ ಮುಚ್ಚೇ ಇದೆ.

ಎರಡನೇದು ಮ್ಯಾನರ್ ಕಣಿವೆ. ಊರಿನ ನೈಋತ್ಯಕ್ಕೆ ಹೋಗುವ ಕಿರಿದಾದ ರಸ್ತೆ. ಬೆಟ್ಟದೊಳಗೆ ಹೋಗಿ ಅಲ್ಲೇ ಮುಗಿಯುತ್ತೆ. ಮುಂದೆ ದಾರಿ ಇಲ್ಲ ಅನ್ನೋದೇ ಲಾಭ, ವಾಹನಗಳು ಕಡಿಮೆ. ಹೋದ ದಾರೀಲೇ ವಾಪಸ್ ಬರಬೇಕು.

ಮೂರನೇದು ಮೆಲ್ಡನ್ ಗುಡ್ಡಗಳ ನಡುವಿನ ದಾರಿ, ಎಡಲ್‌ಸ್ಟನ್ ಹಳ್ಳಿಗೆ. ಹೋಗಿ ಬರಲು ಸುಮಾರು 25 ಕಿಲೋಮೀಟರ್. ಅಲ್ಲಿನ ಬ್ಯಾರನಿ ಕ್ಯಾಸಲ್ ಆವರಣದಲ್ಲಿ ಬಯಲಲ್ಲೇ ಸ್ಕಾಟ್ಲೆಂಡಿನ ದೊಡ್ಡ ಕಾಂಕ್ರೀಟ್ ಭೂಪಟ ಇದೆ. ಎರಡನೇ ಮಹಾಯುದ್ಧದಲ್ಲಿ ಇಲ್ಲಿಗೆ ಬಂದು ನೆಲೆಸಿದ ಪೋಲೆಂಡಿನ ಸೈನಿಕರೊಬ್ಬರು 1970ರ ದಶಕದಲ್ಲಿ ಮಾಡಿಸಿದ್ದು. ತಮಗೆ ಆಶ್ರಯ ಕೊಟ್ಟ ನಾಡಿನ ಬೆಟ್ಟ, ಕಣಿವೆ ಎಲ್ಲವನ್ನೂ ಅಲ್ಲಿ ಉಬ್ಬುಚಿತ್ರದ ಹಾಗೆ ಮೂಡಿಸಿದ್ದಾರೆ. ದೂರದಿಂದ ಬಂದವರು ಊರನ್ನ ಎಷ್ಟು ಪ್ರೀತಿಯಿಂದ ನೋಡಬಹುದು ಅಂತ ಅಲ್ಲಿ ನಿಂತಾಗ ನನಗೆ ಅನಿಸಿತ್ತು.

ಇನ್ನು ನಾಲ್ಕನೇದು, ದೊಡ್ಡ ಸುತ್ತು. ಸುಮಾರು 75 ಕಿಲೋಮೀಟರ್. ಪೀಬಲ್ಸ್‌ನಿಂದ ಪಶ್ಚಿಮಕ್ಕೆ ಹೊರಟು ಸ್ಟೋಬೋ, ಡಾಯಿಕ್ ಸಸ್ಯೋದ್ಯಾನ, ಡ್ರಮೀಲಿಯರ್. ಕಥೆಗಳಲ್ಲಿ ಬರುವ ಮಾಂತ್ರಿಕ ಮರ್ಲಿನ್‌ನ ಸಮಾಧಿ ಡ್ರಮೀಲಿಯರ್‌ನಲ್ಲಿದೆ ಅಂತ ದಂತಕಥೆ. ಅಲ್ಲಿಂದ ಎ701 ಹಿಡಿದು ಟ್ವೀಡ್ಸ್‌ಮ್ಯೂರ್, ಎಡಕ್ಕೆ ತಿರುಗಿದರೆ ಟಾಲಾ ಜಲಾಶಯ. ಎಡಿನ್‌ಬರಾದ ನಲ್ಲಿಗಳಿಗೆ ನೀರು ಕೊಡೋಕೆ ಕಟ್ಟಿದ್ದು. ಜಲಾಶಯದ ಕೊನೆಯಲ್ಲಿ ರಸ್ತೆ ಗೋಡೆಯ ಹಾಗೆ ಎದ್ದು ನಿಲ್ಲುತ್ತೆ. ಏರು ಶೇ. 20ರ ತನಕ. ಹತ್ತಿ ಇಳಿದರೆ 1983ರಲ್ಲಿ ಮುಗಿದ ಮೆಗೆಟ್ ಜಲಾಶಯ, ಆಮೇಲೆ ಸೇಂಟ್ ಮೇರೀಸ್ ಸರೋವರ. ಅಲ್ಲಿ ಎಡಕ್ಕೆ ತಿರುಗಿ ಗಾರ್ಡನ್ ಆರ್ಮ್ಸ್, ಮತ್ತೆ ಎಡಕ್ಕೆ ಬಿ709, ಪ್ಯಾಡಿ ಸ್ಲ್ಯಾಕ್ಸ್ ಎಂಬ ಕಣಿವೆ ದಾರಿ, ಕೊನೆಗೆ ಇನ್ನರ್‌ಲೀದನ್. ಈ ದಿಕ್ಕಲ್ಲೇ ಯಾಕೆ ಅಂದ್ರೆ, ಅಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತೆ. ಕಾಲಲ್ಲಿ ಶಕ್ತಿ ಇರುವಾಗ ಎದುರುಗಾಳಿ ಮುಗಿಸಿಕೊಂಡರೆ, ವಾಪಸ್ ಬರುವಾಗ ಗಾಳಿ ಬೆನ್ನು ತಳ್ಳುತ್ತೆ.

ಈಗ ನನ್ನ ಕಥೆಗೆ ಬರ್ತೀನಿ. ನವೆಂಬರ್ ತಿಂಗಳು, ಒಬ್ಬನೇ. ಪೀಬಲ್ಸ್ ಬಿಟ್ಟಾಗಲೇ ಹನ್ನೊಂದೂವರೆ. ನಂದಿ ಬೆಟ್ಟ ಹತ್ತಿದವನಿಗೆ ಇದೇನು ಮಹಾ ಅನ್ನೋ ಜಂಬ ಬೇರೆ. ಮ್ಯಾಪ್ ಫೋನಲ್ಲಿ, ದುಡ್ಡು ಫೋನಲ್ಲಿ, ಬಸ್ ಟಿಕೆಟ್ ಫೋನಲ್ಲಿ, ಮುಂದಿನ ಲೈಟ್ ಬದಲು ಫೋನಿನ ಟಾರ್ಚ್ ಸಾಕು ಅಂದ್ಕೊಂಡಿದ್ದೆ. ರೂಮ್‌ಮೇಟ್‌ಗೆ ಹೇಳಿದ್ದು 'ಸೈಕಲ್ ಹೊಡ್ಕೊಂಡ್ ಬರ್ತೀನಿ ಕಣೋ' ಅಂತ ಅಷ್ಟೇ. ಎಲ್ಲಿಗೆ ಅಂತ ಹೇಳಿರಲಿಲ್ಲ.

ಟಾಲಾ ಏರಿನಲ್ಲಿ ಅರ್ಧಕ್ಕೇ ಇಳಿದು ಸೈಕಲ್ ತಳ್ಳಿದೆ. ಮೇಲೆ ಹೋದಾಗ ಮಳೆಯ ಜೊತೆ ಹಿಮ ಬೀಳೋಕೆ ಶುರುವಾಯ್ತು. ಹ್ಯಾಂಡಲ್ ಮೇಲಿದ್ದ ಫೋನ್ ಶೇ. 30 ಬ್ಯಾಟರಿ ತೋರಿಸ್ತಾ ಇದ್ದದ್ದು ಇದ್ದಕ್ಕಿದ್ದಂತೆ ಆಫ್. ಫೋನ್ ಕೆಟ್ಟಿರಲಿಲ್ಲ. ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನ ಆಗುತ್ತೆ, ಫೋನಿಗೆ ಬೇಕಾದಷ್ಟು ವಿದ್ಯುತ್ ಆ ಕ್ಷಣಕ್ಕೆ ಸಿಗಲ್ಲ. ಬೆಚ್ಚಗಾದರೆ ಮತ್ತೆ ಆನ್ ಆಗಬಹುದು. ಇದು ನನಗೆ ಆಮೇಲೆ ಗೊತ್ತಾಗಿದ್ದು.

ಸರೋವರದ ಹತ್ತಿರ ಎಡಕ್ಕೆ ಹೋಗೋ ಬದಲು ಬಲಕ್ಕೆ ತಿರುಗಿಬಿಟ್ಟೆ. ಸ್ವಲ್ಪ ದೂರದಲ್ಲಿ ಒಂದು ಪ್ರತಿಮೆ ಕಾಣ್ತು. ಕೂತಿರುವ ಮನುಷ್ಯ, ಕಾಲ ಬಳಿ ನಾಯಿ. ಕುರಿ ಕಾಯ್ತಾ ಕವಿಯಾದ ಜೇಮ್ಸ್ ಹಾಗ್ ಅವರದ್ದು, 1860ರಲ್ಲಿ ನಿಲ್ಲಿಸಿದ್ದು. ಹಿಂದಿನ ರಾತ್ರಿ ಅದರ ಫೋಟೋ ನೋಡಿದ್ದೆ, ಅದು ಸರೋವರದ ದಕ್ಷಿಣ ತುದಿಯಲ್ಲಿದೆ ಅಂತ ನೆನಪಿತ್ತು. ನಾನು ಹೋಗಬೇಕಾದ್ದು ಉತ್ತರಕ್ಕೆ. ತಿರುಗಿ ಬಂದೆ. ಗಾರ್ಡನ್ ಆರ್ಮ್ಸ್ ದಾಟುವಾಗ ಕತ್ತಲು. ಆ ತಿಂಗಳಲ್ಲಿ ಅಲ್ಲಿ ನಾಲ್ಕು ಗಂಟೆ ಸುಮಾರಿಗೇ ಸೂರ್ಯ ಮುಳುಗ್ತಾನೆ. ಗ್ಲೌಸ್ ಒದ್ದೆ, ಬ್ರೇಕ್ ಹಿಡಿಯೋಕೆ ಬೆರಳು ಮಡಚ್ತಾ ಇರಲಿಲ್ಲ. ಮೈ ನಡುಗ್ತಾ ಇದ್ದದ್ದು ನಿಂತೇ ಹೋಯ್ತು. ಚಳಿ ಕಮ್ಮಿ ಆಯ್ತು ಅಂದ್ಕೊಂಡೆ. ಅದು ಅಪಾಯದ ಸೂಚನೆ ಅಂತ ಗೊತ್ತಿರಲಿಲ್ಲ. ದೇಹ ತೀರಾ ತಣ್ಣಗಾದಾಗ ನಡುಕ ನಿಲ್ಲುತ್ತೆ, ತಲೆ ಮಂಕಾಗುತ್ತೆ.

ಹಿಂದಿನಿಂದ ಬಂದ ಒಂದು ಪಿಕಪ್ ನಿಲ್ಲಿಸಿತು. ಕುರಿ ಸಾಕುವ ಹಿರಿಯರು. ಏನೂ ಕೇಳದೆ ಸೈಕಲ್ ಎತ್ತಿ ಹಿಂದೆ ಹಾಕಿ, ಹೀಟರ್ ಜೋರು ಮಾಡಿ, ಇನ್ನರ್‌ಲೀದನ್‌ನಲ್ಲಿ ಬಿಸಿ ಟೀ ಕುಡಿಸಿದರು. ಫೋನ್ ಬೆಚ್ಚಗಾಗಿ ಆನ್ ಆದಾಗ ಅಮ್ಮನ ಹನ್ನೊಂದು ಮಿಸ್ಡ್ ಕಾಲ್. ರೂಮ್‌ಮೇಟ್ ಪೊಲೀಸರಿಗೆ ಹೇಳೋಕೆ ಹೊರಟಿದ್ದ. ಆದರೆ ಯಾವ ಊರಿನ ಹೆಸರು ಹೇಳ್ತಿದ್ದ ಪಾಪ?

ಅದಕ್ಕೇ ಹೇಳ್ತೀನಿ, ಹೋಗಿ, ಆದರೆ ಹೀಗೆ ಹೋಗಿ. ಮೇಯಿಂದ ಆಗಸ್ಟ್ ಒಳ್ಳೇ ಕಾಲ. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತೆ. ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ಒಬ್ಬರಿಗಾದರೂ ಬರೆದು ಕಳಿಸಿ. ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ, ತಿರುವುಗಳನ್ನ ಒಂದು ಚೀಟೀಲೂ ಬರ್ಕೊಳ್ಳಿ. ಫೋನ್ ಒಳಜೇಬಲ್ಲಿ, ಮೈಗೆ ಹತ್ತಿರ ಇರಲಿ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಅಲ್ಲಿ ಕಾನೂನು. ತುರ್ತು ನಂಬರ್ 999. ಅದಕ್ಕೆ 'ರಿಜಿಸ್ಟರ್' ಅಂತ ಇಂಗ್ಲಿಷಲ್ಲಿ ಎಸ್‌ಎಂಎಸ್ ಕಳಿಸಿ ಮೊದಲೇ ನೋಂದಾಯಿಸಿಕೊಂಡರೆ, ಕರೆ ಹೋಗದಷ್ಟು ಸಿಗ್ನಲ್ ಕಡಿಮೆ ಇದ್ದಾಗ ಮೆಸೇಜ್ ಮೂಲಕವೂ ಸಹಾಯ ಕೇಳಬಹುದು.

ರಸ್ತೆ ನಿಯಮ ಕಷ್ಟ ಅಲ್ಲ, ನಮ್ಮ ಹಾಗೇ ಎಡಗಡೆ. ಒಂದೇ ವಾಹನ ಹಿಡಿಯುವ ರಸ್ತೆಗಳಲ್ಲಿ ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಅನ್ನೋ ಅಗಲದ ಜಾಗ ಇರುತ್ತೆ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ದಾರಿ ಬಿಡಿ, ಬಲಕ್ಕಿದ್ದರೆ ಅದರ ಎದುರಿಗೆ ನಿಲ್ಲಿ. ದನ, ಕುರಿ ದಾಟದಂತೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳನ್ನ ನೇರವಾಗಿ ದಾಟಿ, ಮಳೇಲಿ ಅದರ ಮೇಲೆ ಬ್ರೇಕ್ ಹಿಡಿಯಬೇಡಿ.

ಮುಂದಿನ ಜೂನ್‌ನಲ್ಲಿ ಅದೇ ಸುತ್ತನ್ನ ಮತ್ತೆ ಹೊಡೆದೆ, ರೂಮ್‌ಮೇಟ್ ಜೊತೆ. ಟಾಲಾ ಏರಿನಲ್ಲಿ ಈ ಸಲವೂ ತಳ್ಳಿದ್ದೇ. ಆದರೆ ಸರೋವರದ ಹತ್ತಿರ ಎಡಕ್ಕೇ ತಿರುಗಿದೆ. ನೀವು ಹೋಗಿ ಬಂದರೆ ನಮಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.